ತಮ್ಮ ಔಷಧಿ ಬೇಡ ಎನ್ನುತ್ತಾನೆ: ಬಲವಂತವಾಗಿ ಆಸ್ಪತ್ರೆಗೆ ಸೇರಿಸಬಹುದೇ?

ಪ್ರಶ್ನೆ

ನನ್ನ ತವರು ಬದಿಯಡ್ಕ ಸಮೀಪದ ಹಳ್ಳಿ. ಮದುವೆಯಾಗಿ ಪುತ್ತೂರಿನಲ್ಲಿದ್ದೇನೆ. ತಮ್ಮನಿಗೆ ಈಗ 33 ವರ್ಷ. ಮಂಗಳೂರಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದವನು ಐದು ವರ್ಷದ ಹಿಂದೆ ಎಲ್ಲ ಬಿಟ್ಟು ಮನೆಗೆ ಬಂದ. ಪಕ್ಕದ ತೋಟದವರು ನಮ್ಮ ಬಾವಿಗೆ ವಿಷ ಹಾಕುತ್ತಿದ್ದಾರೆ, ಮೊಬೈಲ್ ಟವರ್ ಮೂಲಕ ತನ್ನ ಯೋಚನೆಗಳನ್ನು ಕದಿಯುತ್ತಿದ್ದಾರೆ ಎನ್ನುತ್ತಾನೆ. ರಾತ್ರಿಯಿಡೀ ಜಗಲಿಯಲ್ಲಿ ಕಾವಲು ಕೂರುತ್ತಾನೆ. ಅಮ್ಮ ಬಡಿಸಿದ್ದನ್ನು ಮೂಸಿ ನೋಡಿಯೇ ಉಣ್ಣುವುದು. ಎರಡು ವರ್ಷದ ಹಿಂದೆ ಕಣ್ಣು ಪರೀಕ್ಷೆಗೆಂದು ಸುಳ್ಳು ಹೇಳಿ ಕಾರಿಗೆ ಹತ್ತಿಸಿ, ಆಸ್ಪತ್ರೆಯ ಬಾಗಿಲಲ್ಲಿ ನಾಲ್ಕು ಜನ ಹಿಡಿದು ಸೇರಿಸಿದೆವು. ಮೂರು ವಾರದಲ್ಲಿ ಬಹಳ ಸುಧಾರಿಸಿದ. ಮನೆಗೆ ಬಂದು ಎರಡು ತಿಂಗಳಿಗೆ ಮಾತ್ರೆ ಬಿಟ್ಟ. ಅಂದಿನಿಂದ ನನ್ನೊಡನೆ ಮಾತಿಲ್ಲ. ಕಳೆದ ತಿಂಗಳು ಅಮ್ಮನನ್ನು ತಳ್ಳಿದ, ಅವರ ಕೈಗೆ ಪೆಟ್ಟಾಯಿತು. ಅಪ್ಪ ಪಾರ್ಶ್ವವಾಯುವಾಗಿ ಹಾಸಿಗೆ ಹಿಡಿದಿದ್ದಾರೆ. ಅವರನ್ನು ನೋಡಲು ಬರುವ ಪಂಚಾಯತಿನ ಪಾಲಿಯೇಟಿವ್ ನರ್ಸ್ ಹತ್ತಿರ ಮಾತ್ರ ತಮ್ಮ ಸರಿಯಾಗಿ ಮಾತನಾಡುತ್ತಾನೆ. ಸಂಬಂಧಿಕರೊಬ್ಬರು ಬಣ್ಣ, ರುಚಿ ಇಲ್ಲದ ಹನಿ ಔಷಧಿ ತಂದುಕೊಟ್ಟು ಮಜ್ಜಿಗೆಗೆ ಬೆರೆಸಲು ಅಮ್ಮನಿಗೆ ಹೇಳಿದ್ದಾರೆ. ಮದುವೆ ಮಾಡಿದರೆ ಸರಿಹೋಗುತ್ತದೆ ಎನ್ನುವವರಿದ್ದಾರೆ. ತಮಿಳುನಾಡಿನ ಕಡೆ ಇಂಥವರನ್ನು ಇರಿಸಿಕೊಳ್ಳುವ ಜಾಗವಿದೆ, ಬಿಟ್ಟು ಬನ್ನಿ ಎನ್ನುವವರೂ ಇದ್ದಾರೆ. ಹೊಸ ಕಾನೂನಿನ ಪ್ರಕಾರ ರೋಗಿ ಒಪ್ಪದೆ ಮುಟ್ಟುವಂತೆಯೇ ಇಲ್ಲವಂತೆ. ನಾವು ಏನು ಮಾಡಬೇಕು? ಇನ್ನೊಮ್ಮೆ ಹಾಗೆ ಕರೆದೊಯ್ದರೆ ಅವನು ನನ್ನನ್ನು ಎಂದಾದರೂ ಕ್ಷಮಿಸಿಯಾನೇ?

ಉತ್ತರ

ನಿಮ್ಮ ಪತ್ರದಲ್ಲಿ ಎರಡು ಹೆದರಿಕೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಸುಮ್ಮನೆ ಕುಳಿತರೆ ತಮ್ಮನಿಗೋ ಅಮ್ಮನಿಗೋ ಏನಾದರೂ ಆದೀತು ಎಂಬುದು ಒಂದು. ಏನಾದರೂ ಮಾಡಹೊರಟರೆ ತಮ್ಮನೇ ಕೈಬಿಟ್ಟು ಹೋದಾನು ಎಂಬುದು ಇನ್ನೊಂದು. ಎರಡಕ್ಕೂ ಕಾರಣವಿದೆ, ಯಾವುದನ್ನೂ ತಳ್ಳಿಹಾಕುವುದಿಲ್ಲ. ಕೇರಳ ಕರ್ನಾಟಕ ಗಡಿಯ ಎರಡೂ ಬದಿಯಲ್ಲಿ ಮನೋವೈದ್ಯನಾಗಿ ಕೆಲಸ ಮಾಡಿರುವ ನಾನು ಇದೇ ಪ್ರಶ್ನೆಯನ್ನು ಕನ್ನಡದಲ್ಲಿ, ತುಳುವಿನಲ್ಲಿ, ಮಲಯಾಳದಲ್ಲಿ ಕೇಳಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ರೋಗಿಯ ಇಚ್ಛೆಗೆ ವಿರುದ್ಧವಾಗಿ ಚಿಕಿತ್ಸೆ ಕೊಡಬೇಕಾದ ಸಂದರ್ಭ ಬರುತ್ತದೆ, ಆಗ ಹಿಂಜರಿಯಬಾರದು. ಆದರೆ ಅದು ಎದುರೆದುರಿಗೆ, ಹೇಳಿ ಮಾಡುವ ಒತ್ತಾಯವಾಗಿರಬೇಕು. ಹೇಳಿ ಮಾಡಿದ ಒತ್ತಾಯವನ್ನು ರೋಗಿಗಳು ಮುಂದೆ ಅರ್ಥಮಾಡಿಕೊಂಡದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಕಣ್ಣು ಪರೀಕ್ಷೆಯ ಸುಳ್ಳನ್ನು ಮರೆಯುವುದು ಅವರಿಗೆ ಬಹಳ ಕಷ್ಟ.

ಪತ್ರ ನೋಡಿ ರೋಗವನ್ನು ಹೆಸರಿಸಲು ಬರುವುದಿಲ್ಲ. ಥೈರಾಯ್ಡ್ ತೊಂದರೆ, ಗಾಂಜಾ ಅಥವಾ ಇತರ ಮಾದಕ ವಸ್ತು, ಮೆದುಳಿನ ಬೇರೆ ಕಾಯಿಲೆ ಇವನ್ನೆಲ್ಲ ಮೊದಲು ಪರೀಕ್ಷಿಸಬೇಕು. ಆದರೂ ನೀವು ವಿವರಿಸಿದ ಲಕ್ಷಣಗಳು ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆಯ ಗುಂಪಿಗೆ ಹೊಂದುತ್ತವೆ. ಹಾಗೆಂದುಕೊಂಡೇ ಮುಂದುವರಿಯುತ್ತೇನೆ.

ತಮಗೆ ಕಾಯಿಲೆ ಇಲ್ಲ ಎಂದು ಇಂಥ ರೋಗಿಗಳು ಹೇಳುವುದನ್ನು ಮನೆಯವರು ಹಠ ಎಂದು ತಿಳಿಯುತ್ತಾರೆ. ನಿಮ್ಮ ತಂದೆಯವರ ಉದಾಹರಣೆಯಿಂದಲೇ ಇದನ್ನು ವಿವರಿಸಬಹುದು. ಪಾರ್ಶ್ವವಾಯುವಾದ ಕೆಲವರಲ್ಲಿ, ಅದರಲ್ಲೂ ಮೆದುಳಿನ ಬಲಭಾಗಕ್ಕೆ ಪೆಟ್ಟು ಬಿದ್ದವರಲ್ಲಿ, ಕೈ ಬಿದ್ದುಹೋಗಿರುವುದೇ ಅವರ ಅರಿವಿಗೆ ಬರುವುದಿಲ್ಲ. ಕೈ ಎತ್ತಿ ಎಂದರೆ ಎತ್ತಿದ್ದೇನಲ್ಲ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ತನ್ನ ಸ್ಥಿತಿಯನ್ನು ತಾನೇ ಗಮನಿಸುವ ಮೆದುಳಿನ ಶಕ್ತಿಗೆ ಏಟು ಬಿದ್ದಿರುತ್ತದೆ. ಸ್ಕಿಜೋಫ್ರೇನಿಯಾ ಇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಒಂದಲ್ಲ ಒಂದು ಪ್ರಮಾಣದಲ್ಲಿ ಈ ಅರಿವಿನ ಕೊರತೆ ಕಾಣುತ್ತದೆ. ಆದ್ದರಿಂದ ನಿಮ್ಮ ತಮ್ಮನೊಡನೆ ಬಾವಿಯಲ್ಲಿ ವಿಷವಿಲ್ಲ ಎಂದು ವಾದ ಮಾಡಿ ಗೆಲ್ಲಲು ಸಾಧ್ಯವಿಲ್ಲ. ನೀರನ್ನು ಪ್ರಯೋಗಾಲಯಕ್ಕೆ ಕಳುಹಿಸಿ ವರದಿ ತರಿಸಿದ ಕುಟುಂಬಗಳು ನನಗೆ ಗೊತ್ತು. ವರದಿ ಬಂದ ದಿನ ಪ್ರಯೋಗಾಲಯದವರೂ ಸಂಚಿನಲ್ಲಿ ಸೇರಿಹೋದರು, ಅಷ್ಟೇ.

ಆದರೆ ಬೇಡ ಎನ್ನುವುದೆಲ್ಲವೂ ರೋಗದ ಮಾತೇ ಎಂದು ತಿಳಿಯುವುದೂ ತಪ್ಪು. ನಾವು ವೈದ್ಯರು ಈ ತಪ್ಪನ್ನು ಮನೆಯವರಿಗಿಂತ ಹೆಚ್ಚು ಮಾಡುತ್ತೇವೆ. ನಿಮ್ಮ ತಮ್ಮ ಮನೆಗೆ ಬಂದ ಮೇಲೆ ಎರಡು ತಿಂಗಳು ಮಾತ್ರೆ ತೆಗೆದುಕೊಂಡಿದ್ದರು ಎಂದು ಬರೆದಿದ್ದೀರಿ. ಹಾಗಾದರೆ ಬಿಟ್ಟದ್ದೇಕೆ? ಪತ್ರದಲ್ಲಿ ಅದಿಲ್ಲ, ಬಹುಶಃ ಯಾರೂ ಕೇಳಿಲ್ಲ. ಈ ಔಷಧಿಗಳಿಂದ ಕೈಕಾಲು ಬಿಗಿಯುತ್ತದೆ, ಹಗಲೆಲ್ಲ ಮಂಪರು ಇರುತ್ತದೆ, ತೂಕ ಏರುತ್ತದೆ. ಕೆಲವರಿಗೆ ಒಂದು ಕಡೆ ಕೂರಲಾಗದಷ್ಟು ಒಳಗಿನ ಚಡಪಡಿಕೆ ಶುರುವಾಗುತ್ತದೆ. ಅದು ಅನುಭವಿಸಿದವರಿಗೇ ಗೊತ್ತಾಗುವ ಹಿಂಸೆ. ಯುವಕರಲ್ಲಿ ಲೈಂಗಿಕ ಶಕ್ತಿ ಕುಗ್ಗುವುದೂ ಉಂಟು. ಅದನ್ನು ಅಕ್ಕನಿಗೂ ಅಮ್ಮನಿಗೂ ಹೇಳಲಾಗದೆ ಮಾತ್ರೆಯನ್ನೇ ಬಿಡುತ್ತಾರೆ. ಇವುಗಳಲ್ಲಿ ಹೆಚ್ಚಿನವಕ್ಕೆ ಪ್ರಮಾಣ ಇಳಿಸುವುದು, ಔಷಧಿ ಬದಲಿಸುವುದು ಮುಂತಾದ ಪರಿಹಾರಗಳಿವೆ. ಬಿಟ್ಟ ಕಾರಣ ಗೊತ್ತಿಲ್ಲದೆ ಅದೇ ಔಷಧಿಯನ್ನು ಮತ್ತೆ ಬಲವಂತವಾಗಿ ಕೊಟ್ಟರೆ ಮತ್ತೆ ಎರಡು ತಿಂಗಳಿಗೆ ಇದೇ ಜಾಗಕ್ಕೆ ಬಂದು ನಿಲ್ಲುತ್ತೀರಿ.

ಈಗ ಮಜ್ಜಿಗೆಯ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಊರುಗಳಲ್ಲಿ ಇದು ಎಲ್ಲರಿಗೂ ಗೊತ್ತಿದ್ದು ಯಾರೂ ಮಾತನಾಡದ ರೂಢಿ. ಬೇರೆ ದಾರಿ ಕಾಣದ ತಾಯಂದಿರು ಕಣ್ಣೀರಿಡುತ್ತಾ ಹೀಗೆ ಮಾಡುತ್ತಾರೆ, ಅವರನ್ನು ನಾನು ದೂರುವುದಿಲ್ಲ. ಕೆಲವು ಮನೆಗಳಲ್ಲಿ ಇದರಿಂದ ಕೆಲವು ದಿನ ನೆಮ್ಮದಿಯೂ ಸಿಕ್ಕಿದೆ. ಆದರೆ ನಿಮ್ಮ ತಮ್ಮನ ವಿಷಯದಲ್ಲಿ ಬೇಡ ಎಂದು ಖಂಡಿತವಾಗಿ ಹೇಳುತ್ತೇನೆ.

ಅವರ ಭಯ ಏನು? ಊಟದಲ್ಲಿ ಯಾರೋ ಏನೋ ಬೆರೆಸುತ್ತಿದ್ದಾರೆ ಎಂಬುದು. ಇವತ್ತಿನವರೆಗೆ ಅದು ರೋಗ ಹುಟ್ಟಿಸಿದ ನಂಬಿಕೆ. ಅಮ್ಮ ಹನಿ ಬೆರೆಸಿದ ದಿನದಿಂದ ಅದು ವಾಸ್ತವವಾಗುತ್ತದೆ. ಇಂಥ ಹನಿ ಔಷಧಿಗಳಲ್ಲಿ ಹೆಚ್ಚಾಗಿ ಸಿಗುವುದು ಹ್ಯಾಲೊಪೆರಿಡಾಲ್. ಯುವಕರಲ್ಲಿ ಇದು ಮೊದಲ ಕೆಲವು ದಿನಗಳಲ್ಲೇ ಕುತ್ತಿಗೆ ಒಂದು ಬದಿಗೆ ಸೆಟೆದುಕೊಳ್ಳುವಂತೆ, ದವಡೆ ಬಿಗಿಯುವಂತೆ, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುವಂತೆ ಮಾಡಬಲ್ಲದು. ಆಸ್ಪತ್ರೆಯಲ್ಲಾದರೆ ಒಂದು ಚುಚ್ಚುಮದ್ದಿನಲ್ಲಿ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸರಿಯಾಗುತ್ತದೆ. ಮನೆಯಲ್ಲಿ, ಏನಾಗುತ್ತಿದೆ ಎಂದೇ ತಿಳಿಯದ ಮನುಷ್ಯನಿಗೆ ಅದು ವಿಷ ಏರಿದಂತೆಯೇ ಅನ್ನಿಸುತ್ತದೆ. ಆಗ ಆಸ್ಪತ್ರೆಗೆ ಓಡುವುದಾದರೂ ಏನೆಂದು ಹೇಳಿ? ಹನಿ ಬಿದ್ದ ಲೋಟವನ್ನು ಅಪ್ಪನೇ ಕುಡಿದರೆ? ಪ್ರಮಾಣವನ್ನು ನಿರ್ಧರಿಸುವವರು ಯಾರು, ರಕ್ತ ಪರೀಕ್ಷೆ ಮಾಡಿಸುವವರು ಯಾರು? ಇದು ವೈದ್ಯರ ಚೀಟಿ ಇಲ್ಲದೆ ಅಂಗಡಿಯವರು ಮಾರುವಂತೆಯೇ ಇಲ್ಲದ ಔಷಧಿ.

ಇನ್ನೂ ಒಂದು ಮಾತಿದೆ. ಕದ್ದು ಕೊಟ್ಟ ಔಷಧಿ ಫಲಿಸಿತು ಎಂದೇ ಇಟ್ಟುಕೊಳ್ಳಿ. ಅವರು ಸುಧಾರಿಸುತ್ತಾರೆ. ಆದರೆ ಏಕೆ ಸುಧಾರಿಸಿದೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ. ಔಷಧಿ ಇಲ್ಲದೆಯೇ ಚೆನ್ನಾಗಿದ್ದೇನೆ ಎಂಬ ನಂಬಿಕೆ ಗಟ್ಟಿಯಾಗುತ್ತದೆ. ಮುಂದೆ ಸತ್ಯ ಹೇಳುವ ದಿನವನ್ನು ನೀವು ಮುಂದೂಡುತ್ತಲೇ ಇರಬೇಕಾಗುತ್ತದೆ. ಒಂದಲ್ಲ ಒಂದು ದಿನ ಅಡುಗೆಮನೆಯ ಡಬ್ಬಿಯ ಹಿಂದೆ ಬಾಟಲಿ ಸಿಗುತ್ತದೆ. ಹಾಗೆ ಸಿಕ್ಕಿದ ಮನೆಗಳಲ್ಲಿ ಮಗ ಅಮ್ಮನ ಕೈಯ ನೀರನ್ನೂ ಕುಡಿಯದೆ ವರ್ಷಗಟ್ಟಲೆ ಪ್ರತ್ಯೇಕ ಒಲೆ ಹೂಡಿದ್ದನ್ನು ಕಂಡಿದ್ದೇನೆ. ನಿಮ್ಮ ಸಂಬಂಧಿಕರು ತಂದುಕೊಟ್ಟ ಬಾಟಲಿಯನ್ನು ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಅವರ ಕೈಗೆ ಕೊಟ್ಟುಬಿಡಿ.

ಕಾನೂನಿನ ಬಗ್ಗೆ ನಿಮಗೆ ಹೇಳಿದ್ದು ಅರ್ಧ ಸತ್ಯ. ಮನೆಯವರು ಸಹಿ ಹಾಕಿದರೆ ಸಾಕು ಎಂಬುದು ಉಳಿದರ್ಧ ಜನರ ತಪ್ಪು ಕಲ್ಪನೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ 2018ರ ಮೇ ತಿಂಗಳಿನಿಂದ ಜಾರಿಯಲ್ಲಿದೆ. ಕೇಂದ್ರದ ಕಾಯ್ದೆಯಾದ್ದರಿಂದ ಗಡಿಯ ತಲಪಾಡಿಯ ಈಚೆಗೂ ಆಚೆಗೂ ಒಂದೇ. ಪ್ರತಿಯೊಬ್ಬ ವಯಸ್ಕನಿಗೂ ತನ್ನ ಚಿಕಿತ್ಸೆಯನ್ನು ತಾನೇ ನಿರ್ಧರಿಸುವ ಹಕ್ಕಿದೆ ಎಂದು ಅದು ಹೊರಡುತ್ತದೆ. ಕೊಟ್ಟ ಮಾಹಿತಿಯನ್ನು ಅರ್ಥಮಾಡಿಕೊಂಡು, ಒಪ್ಪಿದರೆ ಏನು, ಒಪ್ಪದಿದ್ದರೆ ಏನು ಎಂಬುದನ್ನು ತೂಗಿ ನೋಡಿ, ತನ್ನ ನಿರ್ಧಾರವನ್ನು ತಿಳಿಸುವ ಸಾಮರ್ಥ್ಯ ಇದೆಯೇ ಎಂಬುದೇ ಅಳತೆಗೋಲು. ನಮಗೆ ತಪ್ಪೆಂದು ಕಾಣುವ ನಿರ್ಧಾರ ಮಾಡಿದ ಮಾತ್ರಕ್ಕೆ ಸಾಮರ್ಥ್ಯವಿಲ್ಲ ಎನ್ನುವಂತಿಲ್ಲ.

ಸಾಮರ್ಥ್ಯ ಕುಂದಿದಾಗ ದಾರಿ ತೋರಿಸುವುದು 89ನೇ ವಿಧಿ. ರೋಗಿಯ ಪ್ರತಿನಿಧಿಯಾದವರು, ರೋಗಿ ಯಾರನ್ನೂ ನೇಮಿಸದಿದ್ದರೆ ನಿಮ್ಮಂಥ ಸಂಬಂಧಿಕರು, ಆಸ್ಪತ್ರೆಗೆ ಅರ್ಜಿ ಕೊಡಬೇಕು. ಒಬ್ಬ ಮನೋವೈದ್ಯ ಹಾಗೂ ಇನ್ನೊಬ್ಬ ಮಾನಸಿಕ ಆರೋಗ್ಯ ತಜ್ಞ ಅಥವಾ ವೈದ್ಯ, ಸೇರಿಸುವ ದಿನವೋ ಅದರ ಹಿಂದಿನ ಏಳು ದಿನಗಳೊಳಗೋ, ಬೇರೆಬೇರೆಯಾಗಿ ಪರೀಕ್ಷಿಸಬೇಕು. ಇತ್ತೀಚೆಗೆ ತನಗೆ ತಾನೇ ಅಪಾಯ ಮಾಡಿಕೊಳ್ಳಲು ಹೋದದ್ದು ಅಥವಾ ಹಾಗೆ ಬೆದರಿಸಿದ್ದು, ಇನ್ನೊಬ್ಬರ ಮೇಲೆ ಹಿಂಸೆ ಮಾಡಿದ್ದು ಅಥವಾ ಹೆದರಿಸಿದ್ದು, ಇಲ್ಲವೇ ಅಪಾಯವಾಗುವಷ್ಟು ತನ್ನನ್ನು ತಾನು ನೋಡಿಕೊಳ್ಳಲಾಗದ್ದು, ಇವುಗಳಲ್ಲಿ ಒಂದಾದರೂ ಇರಬೇಕು. ಇದಕ್ಕಿಂತ ಕಡಿಮೆ ನಿರ್ಬಂಧದ ಬೇರೆ ಉಪಾಯ ಸಾಲದು ಎಂದೂ ಮನವರಿಕೆಯಾಗಬೇಕು. ಆಗ ಗರಿಷ್ಠ 30 ದಿನ ಸೇರಿಸಿಕೊಳ್ಳಬಹುದು. ಒಪ್ಪಿಗೆ ಕೊಡುವ ಸಾಮರ್ಥ್ಯ ಮರಳಿದೆಯೇ ಎಂದು ಏಳು ದಿನಕ್ಕೊಮ್ಮೆ ನೋಡಬೇಕು. ಸೇರಿಸಿದ ವಿಷಯವನ್ನು ಏಳು ದಿನದೊಳಗೆ, ಮಹಿಳೆಯಾದರೆ ಮೂರು ದಿನದೊಳಗೆ, ಕಾಯ್ದೆಯಡಿ ರಚಿಸಿದ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು. ರೋಗಿ ಅಲ್ಲಿಗೆ ದೂರು ಕೊಡಬಹುದು. ಅಮ್ಮನ ಕೈಗೆ ಪೆಟ್ಟಾದ ಘಟನೆ ಈ ವಿಧಿಯ ವ್ಯಾಪ್ತಿಗೆ ಬರುವಂಥದ್ದೇ. ಅದು ಯಾವ ದಿನ, ಹೇಗೆ ಆಯಿತು ಎಂದು ಬರೆದಿಡಿ.

ಮನೆ ಬಿಟ್ಟು ಹೊರಡಲೇ ಒಪ್ಪದವರನ್ನು ಆಸ್ಪತ್ರೆಗೆ ತಲುಪಿಸುವುದು ಹೇಗೆ ಎಂಬಲ್ಲಿ ಹೆಚ್ಚಿನ ಕುಟುಂಬಗಳು ಸಿಕ್ಕಿಬೀಳುತ್ತವೆ. ಪ್ರಾಣಾಪಾಯವೋ ಗಂಭೀರ ಹಿಂಸೆಯೋ ಕಣ್ಣೆದುರಿಗಿದ್ದರೆ 94ನೇ ವಿಧಿ ಯಾವುದೇ ನೋಂದಾಯಿತ ವೈದ್ಯರಿಗೆ ತುರ್ತು ಚಿಕಿತ್ಸೆ ಕೊಡುವ ಅಧಿಕಾರ ಕೊಡುತ್ತದೆ. ಪ್ರತಿನಿಧಿ ಲಭ್ಯರಿದ್ದರೆ ಅವರ ಒಪ್ಪಿಗೆ ಬೇಕು. ಅವಧಿ 72 ಗಂಟೆ, ಹತ್ತಿರದ ಆಸ್ಪತ್ರೆಗೆ ಸಾಗಿಸುವುದೂ ಅದರಲ್ಲಿ ಸೇರಿದೆ. ಅಷ್ಟು ತುರ್ತು ಇಲ್ಲದಿದ್ದರೆ 102ನೇ ವಿಧಿಯಂತೆ ಮ್ಯಾಜಿಸ್ಟ್ರೇಟರು ಲಿಖಿತ ಆದೇಶದಿಂದ ಪರೀಕ್ಷೆಗೆ ಕಳುಹಿಸಬಹುದು, ಹತ್ತು ದಿನದವರೆಗೆ ಆಸ್ಪತ್ರೆಯಲ್ಲಿರಿಸಿ ನೋಡಲು ಅನುಮತಿ ಕೊಡಬಹುದು. ಮಾನಸಿಕ ಕಾಯಿಲೆಯಿಂದ ತನಗೋ ಇತರರಿಗೋ ಅಪಾಯವಾಗಿರುವವರನ್ನು ರಕ್ಷಣೆಗೆ ಪಡೆಯುವುದು ಪೊಲೀಸರ ಕರ್ತವ್ಯ. ಆದರೆ ಲಾಕಪ್ಪಿನಲ್ಲಿ ಇರಿಸುವಂತಿಲ್ಲ, 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು. ಈ ಅರ್ಜಿಗಳಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ. ಮಹಿಳೆಯಾಗಿರುವುದರಿಂದಲೇ ನಿಮಗೂ ನಿಮ್ಮ ತಾಯಿಗೂ ಆ ಹಕ್ಕಿದೆ.

ಹಣ ಕೊಟ್ಟರೆ ಬಲಿಷ್ಠ ಹುಡುಗರನ್ನು ಕಳುಹಿಸಿ ಎತ್ತಿಕೊಂಡು ಹೋಗುವ ಕೇಂದ್ರಗಳ ಹೆಸರನ್ನು ಯಾರಾದರೂ ನಿಮಗೆ ಹೇಳಬಹುದು. ಅಲ್ಲಿಗೆ ಹೋಗಬೇಡಿ. ಯಾವುದೇ ಸಂಸ್ಥೆಯಾದರೂ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಇದೆಯೇ ಎಂದು ಮೊದಲು ಕೇಳಿ. ತಮಿಳುನಾಡಿನಲ್ಲಿ ಬಿಟ್ಟುಬನ್ನಿ ಎಂದವರಿಗೆ ಏರ್ವಾಡಿಯನ್ನು ನೆನಪಿಸಿ. ರಾಮನಾಥಪುರಂ ಜಿಲ್ಲೆಯ ಆ ಊರಿನ ಖಾಸಗಿ ಆಶ್ರಯದಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಸರಪಳಿಯಲ್ಲಿ ಬಂಧಿತರಾಗಿದ್ದವರಿಗೆ ಓಡಲಾಗಲಿಲ್ಲ. 28 ಮಂದಿ ಸತ್ತರು. ಅವರಲ್ಲಿ ಅನೇಕರನ್ನು ಅಲ್ಲಿ ಬಿಟ್ಟುಹೋದವರು ಸ್ವಂತ ಮನೆಯವರೇ, ಅದೂ ಬೇರೆ ದಾರಿ ಕಾಣದೆ. ಇಂದಿನ ಕಾಯ್ದೆಯ 95ನೇ ವಿಧಿ ಸರಪಳಿಯನ್ನು ಯಾವ ರೂಪದಲ್ಲೂ ಒಪ್ಪುವುದಿಲ್ಲ. ಮನೆಯ ಕೊಟ್ಟಿಗೆಯ ಪಕ್ಕದ ಕೋಣೆಗೆ ಹೊರಗಿನಿಂದ ಚಿಲಕ ಹಾಕಿ ಕೂಡಿಹಾಕುವುದೂ ದುರ್ವ್ಯವಹಾರವೇ. ಅದನ್ನು ಕಂಡ ಯಾರೇ ಆದರೂ ಪೊಲೀಸರಿಗೆ ತಿಳಿಸಬಹುದು.

ನಮ್ಮ ಗಡಿನಾಡಿಗೇ ಸೇರಿದ ಒಂದು ತೊಡಕಿದೆ, ಅದನ್ನು ವೈದ್ಯರ ಪಠ್ಯಗಳು ಹೇಳುವುದಿಲ್ಲ. ಎದೆಯ ನೋವನ್ನು ಯಂತ್ರದಿಂದ ಅಳೆಯಬಹುದು. ಮನಸ್ಸಿನ ಪರೀಕ್ಷೆ ನಡೆಯುವುದೇ ಮಾತಿನಲ್ಲಿ. ಮನೆಯಲ್ಲಿ ಹವ್ಯಕ ಕನ್ನಡವನ್ನೋ ತುಳುವನ್ನೋ ಆಡುವ ಮನುಷ್ಯನನ್ನು ಮಲಯಾಳ ಮಾತ್ರ ಬಲ್ಲ ವೈದ್ಯರ ಮುಂದೆ ಕೂರಿಸಿದರೆ ಅವನ ಮೌನ ಯಾವುದು, ಭಾಷೆ ಬಾರದ್ದು ಯಾವುದು ಎಂದು ಬೇರ್ಪಡಿಸುವುದು ಕಷ್ಟ. ಭಯದಲ್ಲಿರುವಾಗಲಂತೂ ಯಾರಿಗಾದರೂ ಮನೆಮಾತೇ ಬರುವುದು. ರೋಗಿಗೆ ಅರ್ಥವಾಗುವ ಸರಳ ಭಾಷೆಯಲ್ಲಿ ಮಾಹಿತಿ ಕೊಡಬೇಕು ಎಂದು ಕಾಯ್ದೆಯ 4ನೇ ವಿಧಿಯೇ ಹೇಳುತ್ತದೆ. ಆದ್ದರಿಂದ ಪರೀಕ್ಷೆಯ ಹೊತ್ತಿಗೆ ಕನ್ನಡ ಬಲ್ಲ ಸಿಬ್ಬಂದಿ ಬೇಕು ಎಂದು ಸಂಕೋಚವಿಲ್ಲದೆ ಕೇಳಿ. ತರ್ಜುಮೆಗೆ ನೀವೇ ನಿಲ್ಲಬೇಡಿ, ಅವರ ಕಣ್ಣಿಗೆ ಸದ್ಯ ನೀವು ಎದುರು ಪಕ್ಷದವರು. ಅರ್ಜಿಗಳನ್ನು ಕನ್ನಡದಲ್ಲೇ ಬರೆದುಕೊಡಬಹುದು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಈ ಪ್ರದೇಶದ ಸರ್ಕಾರಿ ಕಚೇರಿಗಳೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಹಕ್ಕು ಕೊಟ್ಟಿದೆ.

ಭಾಷೆಯ ಕಾರಣಕ್ಕೇ ನಮ್ಮವರು ಮಂಗಳೂರಿಗೆ ಹೋಗುತ್ತಾರೆ, ಅದು ಸಹಜ. ಆದರೆ 2020ರ ಮಾರ್ಚ್‌ನಲ್ಲಿ ಲಾಕ್‌ಡೌನಿನ ಹೆಸರಿನಲ್ಲಿ ಗಡಿ ಮುಚ್ಚಿದಾಗ ಆಂಬುಲೆನ್ಸುಗಳೂ ತಲಪಾಡಿಯಿಂದ ಹಿಂದಿರುಗಬೇಕಾಯಿತು. ಮಂಗಳೂರಿನ ಚೀಟಿಯನ್ನೇ ನಂಬಿದ್ದ ಮಾನಸಿಕ ರೋಗಿಗಳ ಔಷಧಿ ನಡುವೆ ನಿಂತಿತು. ನಿಮ್ಮ ತಮ್ಮನ ಕಡತ ಕಾಸರಗೋಡು ಜಿಲ್ಲೆಯೊಳಗೂ ಒಂದು ಕಡೆ ಇರಲಿ. ಕೇರಳದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ನಿಗದಿತ ದಿನಗಳಲ್ಲಿ ಸಮುದಾಯ ಆರೋಗ್ಯ ಕೇಂದ್ರಗಳಿಗೆ ಬರುತ್ತದೆ, ಔಷಧಿ ಉಚಿತ. ದೀರ್ಘ ದಾಖಲಾತಿ ಬೇಕಾದರೆ ಮಲಬಾರಿನ ಸರ್ಕಾರಿ ಮಾನಸಿಕ ಆರೋಗ್ಯ ಕೇಂದ್ರ ಇರುವುದು ಕೋಝಿಕ್ಕೋಡಿನ ಕುದಿರವಟ್ಟಂನಲ್ಲಿ. ಅದು ದೂರ, ಮನೆಯವರು ವಾರಕ್ಕೊಮ್ಮೆ ಹೋಗಿ ಬರಲಾಗದಷ್ಟು ದೂರ. ಹಾಗಾಗಿ ಅಲ್ಲಿಗೆ ಹೋಗುವ ಮೊದಲು ಜಿಲ್ಲೆಯೊಳಗಿನ ಪ್ರಯತ್ನವನ್ನು ಪೂರ್ತಿ ಮಾಡಿ ನೋಡಬೇಕು ಎಂಬುದು ನನ್ನ ಸಲಹೆ.

ಆ ಪ್ರಯತ್ನಕ್ಕೆ ಬಾಗಿಲು ನಿಮ್ಮ ಪತ್ರದಲ್ಲೇ ಇದೆ. ನೀವು ಅದನ್ನು ಒಂದೇ ವಾಕ್ಯದಲ್ಲಿ ದಾಟಿದ್ದೀರಿ: ನಿಮ್ಮ ತಮ್ಮ ಆ ಪಾಲಿಯೇಟಿವ್ ನರ್ಸ್ ಹತ್ತಿರ ಮಾತನಾಡುತ್ತಾರೆ. ಕೇರಳದ ಪಂಚಾಯತುಗಳು ಮನೆಮನೆಗೆ ಕಳುಹಿಸುವ ಈ ದಾದಿಯರು ನಮ್ಮ ಆರೋಗ್ಯ ವ್ಯವಸ್ಥೆಯ ದೊಡ್ಡ ಬಲ. ಅವರು ಬರುವುದು ಅಪ್ಪನಿಗಾಗಿ, ಆದ್ದರಿಂದ ತಮ್ಮನಿಗೆ ಸಂಶಯವಿಲ್ಲ. ಅವರೊಡನೆ ನೀವು ಮಾತನಾಡಿ. ತಮ್ಮನ ವಿಷಯವನ್ನು ಗುಟ್ಟಾಗಿ ಪತ್ತೆಮಾಡಿಕೊಡಿ ಎಂದಲ್ಲ. ನಿದ್ದೆ ಬರುತ್ತಿದೆಯೇ, ಯಾವುದು ಹೆಚ್ಚು ಕಷ್ಟ ಕೊಡುತ್ತಿದೆ ಎಂದು ತಮ್ಮನನ್ನೇ ನೇರವಾಗಿ ಕೇಳಿ ಎಂದು. ಕಾವಲು ಕೂತು ತಿಂಗಳುಗಟ್ಟಲೆ ನಿದ್ದೆಗೆಟ್ಟ ಮನುಷ್ಯ ಸೋತಿರುತ್ತಾನೆ. ಕಾಯಿಲೆಯನ್ನು ಒಪ್ಪದವರೂ ನಿದ್ದೆ ಬೇಕು ಎಂದು ಒಪ್ಪುತ್ತಾರೆ. ನಿದ್ದೆಗೆ ಸಹಾಯ ಕೊಡಬಲ್ಲ ವೈದ್ಯರಿದ್ದಾರೆ, ಆ ಔಷಧಿ ಭಯವನ್ನೂ ಇಳಿಸುತ್ತದೆ, ಅದರ ಹೆಸರು ಇಂಥದ್ದು ಎಂದು ಪೂರ್ತಿ ಹೇಳಿಯೇ ಕೊಟ್ಟರೆ ಅದು ಮೋಸವಲ್ಲ. ಬಾವಿಯ ವಿಷದ ಬಗ್ಗೆ ಹೌದೂ ಎನ್ನಬೇಕಿಲ್ಲ, ಅಲ್ಲವೂ ಎನ್ನಬೇಕಿಲ್ಲ. ಹಾಗನ್ನಿಸಿದರೆ ಎಷ್ಟು ಹೆದರಿಕೆಯಾಗಬೇಡ ಎಂದರೆ ಸಾಕು. ಇದಕ್ಕೆ ವಾರಗಳು ಬೇಕು. ಕೆಲವೊಮ್ಮೆ ಆಗುವುದೇ ಇಲ್ಲ.

ಆಗದಿದ್ದರೆ ಅಥವಾ ಅಷ್ಟರಲ್ಲಿ ಅಪಾಯ ಹೆಚ್ಚಿದರೆ 89ನೇ ವಿಧಿಯ ದಾರಿ ಹಿಡಿಯಿರಿ. ಹಾಸಿಗೆ ಇದೆಯೆಂದು ಆಸ್ಪತ್ರೆಯಲ್ಲಿ ಮೊದಲೇ ಖಚಿತಪಡಿಸಿಕೊಳ್ಳಿ. ಕರೆದೊಯ್ಯುವ ದಿನ ಎದುರು ನಿಂತು ಹೇಳಿ: ಅಮ್ಮನಿಗೆ ಪೆಟ್ಟಾಗಿದೆ, ನೀನು ನಿದ್ದೆ ಮಾಡುತ್ತಿಲ್ಲ, ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇವೆ, ನಾನೂ ಬರುತ್ತೇನೆ. ಕಾರಿನಲ್ಲೋ ಆಂಬುಲೆನ್ಸಿನಲ್ಲೋ, ಯಾವ ಅಂಗಿ, ಮೊಬೈಲ್ ಜೊತೆಗಿರಲೇ, ಇಂಥ ಸಣ್ಣ ಆಯ್ಕೆಗಳನ್ನು ಅವರಿಗೇ ಬಿಡಿ. ಅಂಗಳದಲ್ಲಿ ನೆರೆಹೊರೆಯವರು ಗುಂಪುಗೂಡದಂತೆ ನೋಡಿಕೊಳ್ಳಿ. ಸಂಚು ಮಾಡುತ್ತಾರೆಂದು ಅವರು ನಂಬಿರುವುದೇ ಆ ನೆರೆಯವರ ಬಗ್ಗೆ. ಪೊಲೀಸರು ಬರಬೇಕಾದರೆ ಸಮವಸ್ತ್ರವಿಲ್ಲದೆ ಬರಲು ಕೇಳಿಕೊಳ್ಳಿ.

ಇದರ ಅಪಾಯಗಳನ್ನೂ ಮುಚ್ಚಿಡುವುದಿಲ್ಲ. ಬಲವಂತದ ದಾಖಲಾತಿ ಅವಮಾನ ಉಳಿಸುತ್ತದೆ, ಕೆಲವರು ಅದನ್ನು ಜೀವಮಾನವಿಡೀ ಕನಸಿನಲ್ಲಿ ಕಾಣುತ್ತಾರೆ. ಮನೆಗೆ ಮರಳಿದ ಮೊದಲ ವಾರಗಳು ಆತ್ಮಹತ್ಯೆಯ ಅಪಾಯ ಹೆಚ್ಚಿರುವ ಕಾಲ. ಸ್ಕಿಜೋಫ್ರೇನಿಯಾ ಇರುವ ನೂರರಲ್ಲಿ ಸುಮಾರು ಐವರು ಆತ್ಮಹತ್ಯೆಯಿಂದ ಸಾಯುತ್ತಾರೆ. ಇನ್ನೊಂದೆಡೆ, ಏನೂ ಮಾಡದೆ ಬಿಡುವುದಕ್ಕೂ ಬೆಲೆ ಇದೆ. ಚಿಕಿತ್ಸೆಯಿಲ್ಲದೆ ಕಳೆದ ಕಾಲ ಹೆಚ್ಚಿದಷ್ಟೂ ಚೇತರಿಕೆ ನಿಧಾನವಾಗುತ್ತದೆ. ಔಷಧಿ ನಿಲ್ಲಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಒಂದು ವರ್ಷದೊಳಗೆ ಕಾಯಿಲೆ ಮರುಕಳಿಸುತ್ತದೆ.

ಮನೆಯಲ್ಲಿರುವವರಿಗೆ ನಿರಂತರವಾಗಿ ಒತ್ತಾಯದ ಔಷಧಿ ಕೊಡಲು ನಮ್ಮ ಕಾಯ್ದೆಯಲ್ಲಿ ಅವಕಾಶವಿಲ್ಲ. ಹಾಗಾಗಿ ಆಸ್ಪತ್ರೆಯ ಆ 30 ದಿನಗಳಲ್ಲಿ ನಡೆಯಬೇಕಾದ ಮುಖ್ಯ ಕೆಲಸ ಮಾತ್ರೆ ನುಂಗಿಸುವುದಲ್ಲ, ಮುಂದಿನ ವರ್ಷಕ್ಕೆ ಅವರನ್ನು ಒಪ್ಪಿಸುವುದು. ತಿಂಗಳಿಗೊಮ್ಮೆ ಅಥವಾ ಎರಡು ಮೂರು ವಾರಕ್ಕೊಮ್ಮೆ ಕೊಡುವ ಚುಚ್ಚುಮದ್ದುಗಳಿವೆ. ದಿನವೂ ಮಾತ್ರೆಯ ಜಗಳ ತಪ್ಪುತ್ತದೆ ಎಂದು ಅನೇಕ ಯುವಕರು ತಾವಾಗಿಯೇ ಅವನ್ನು ಆಯ್ದುಕೊಳ್ಳುತ್ತಾರೆ. ಮನಸ್ಸು ತಿಳಿಯಾದಾಗ ಅವರು ಮುಂಗಡ ನಿರ್ದೇಶನ ಬರೆಯಬಹುದು. ಮುಂದೆ ಮತ್ತೆ ಕಾಯಿಲೆ ಹೆಚ್ಚಾದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ಮಾತನಾಡಬೇಕು ಎಂದು. ಅದರಲ್ಲಿ ಅಕ್ಕ ಬೇಡ ಎಂದು ಬರೆದರೆ ನೋವಾಗುತ್ತದೆ, ಆದರೂ ಬರೆಯಲು ಬಿಡಿ. ಕ್ಷಮಿಸುತ್ತಾರೆಯೇ ಎಂದು ಕೇಳಿದ್ದೀರಿ. ನಾನು ಮಾತು ಕೊಡಲಾರೆ. ಕಣ್ಣು ಪರೀಕ್ಷೆಯ ಸುಳ್ಳಿಗೆ ಈಗಲೇ ಕ್ಷಮೆ ಕೇಳಬಹುದು. ಉತ್ತರ ಬರದಿದ್ದರೂ ಪರವಾಗಿಲ್ಲ, ಒಂದು ಚೀಟಿಯಲ್ಲಿ ಬರೆದರೂ ಆದೀತು. ಸೇರಿಸಿದ್ದಕ್ಕೆ ಬೇಡ, ಸುಳ್ಳು ಹೇಳಿದ್ದಕ್ಕೆ.

ಮದುವೆಯ ಮಾತು ಬಂದರೆ ಅಲ್ಲೇ ನಿಲ್ಲಿಸಿ. ಮದುವೆ ಔಷಧಿಯಲ್ಲ, ವಿಷಯ ಮುಚ್ಚಿಟ್ಟು ಇನ್ನೊಂದು ಮನೆಯ ಹೆಣ್ಣುಮಗಳನ್ನು ಇದರೊಳಗೆ ತರುವುದು ಅನ್ಯಾಯ. ಜ್ಯೋತಿಷಿಯ ಬಳಿ ಪ್ರಶ್ನೆ ಇಡಿಸುವುದು, ದೈವದ ಹರಕೆ, ಇವುಗಳಿಂದ ಅಮ್ಮನ ಮನಸ್ಸಿಗೆ ಧೈರ್ಯ ಬರುವುದಾದರೆ ನನ್ನ ಆಕ್ಷೇಪವಿಲ್ಲ. ಯಾರೋ ಮಾಟ ಮಾಡಿಸಿದ್ದಾರೆ ಎಂಬ ಉತ್ತರ ಬಂದರೆ ಮಾತ್ರ ಅದನ್ನು ತಮ್ಮನ ಕಿವಿಗೆ ಹಾಕಬೇಡಿ, ನೆರೆಯವರ ಮೇಲಿನ ಸಂಶಯಕ್ಕೆ ಅದು ಸಾಕ್ಷಿಯಾಗುತ್ತದೆ. ಕರೆಂಟು ಕೊಟ್ಟು ಕೆಡಿಸುತ್ತಾರೆ ಎಂಬ ಭಯ ಅವರಿಗಿದ್ದರೆ, ಅರಿವಳಿಕೆಯಿಲ್ಲದೆ ಆ ಚಿಕಿತ್ಸೆ ಕೊಡುವುದನ್ನು ಕಾನೂನು ನಿಷೇಧಿಸಿದೆ ಎಂದೂ, ತುರ್ತು ಚಿಕಿತ್ಸೆಯ ಹೆಸರಿನಲ್ಲಿ ಅದನ್ನು ಕೊಡುವಂತಿಲ್ಲ ಎಂದೂ ಧೈರ್ಯ ಹೇಳಿ.

ಈ ವಾರ ಮಾಡಬೇಕಾದದ್ದು ಬೇರೆಯೇ ಇದೆ. ಅಡಿಕೆ ತೋಟದ ಮನೆಯಲ್ಲಿ ಮೈಲುತುತ್ತು, ಕಳೆನಾಶಕ, ಇಲಿಪಾಷಾಣ ಇದ್ದೇ ಇರುತ್ತವೆ. ಅವನ್ನೂ ಕತ್ತಿಗಳನ್ನೂ ಇನ್ನೊಂದು ಮನೆಗೆ ಸಾಗಿಸಿ. ಕದ್ದು ಸಾಗಿಸಬೇಡಿ, ಅಪ್ಪನ ಕೋಣೆಯ ಸುತ್ತ ವಿಷದ ವಸ್ತು ಬೇಡ ಎಂದು ಹೇಳಿಯೇ ಸಾಗಿಸಿ, ತಮ್ಮನಿಗೂ ಅದು ಒಪ್ಪಿಗೆಯಾದೀತು. ಮಾನಸಿಕ ಕಾಯಿಲೆ ಇರುವವರೆಲ್ಲ ಹಿಂಸಾತ್ಮಕರು ಎಂಬುದು ಸುಳ್ಳು, ಹೆಚ್ಚಿನವರು ಯಾರಿಗೂ ಕೈಯೆತ್ತುವುದಿಲ್ಲ, ಇತರರಿಂದ ಏಟು ತಿನ್ನುವುದೇ ಹೆಚ್ಚು. ಆದರೆ ನಿಮ್ಮ ಮನೆಯಲ್ಲಿ ಒಮ್ಮೆ ನಡೆದಿದೆ, ಮತ್ತೆ ನಡೆಯಬಹುದು. ಅಂದು ಏನಾಗಿತ್ತು ಎಂದು ಅಮ್ಮನನ್ನು ಸಾವಧಾನವಾಗಿ ಕೇಳಿ. ಬಾಗಿಲಿಗೆ ಅಡ್ಡ ನಿಂತದ್ದೋ, ಉಣ್ಣಲು ಒತ್ತಾಯಿಸಿದ್ದೋ, ಇದ್ದರೆ ಅದನ್ನು ತಪ್ಪಿಸಬಹುದು. ಅಮ್ಮನ ಮೊಬೈಲಿನಲ್ಲಿ ನಿಮ್ಮದೂ ನರ್ಸ್‌ರದೂ ಸಂಖ್ಯೆ ಮೊದಲು ಸಿಗುವಂತಿರಲಿ. ತುರ್ತಿಗೆ 112, ಆಂಬುಲೆನ್ಸಿಗೆ 108. ಹಗಲು ರಾತ್ರಿ ಯಾವಾಗ ಬೇಕಾದರೂ ಸಲಹೆ ಕೇಳಲು 2022ರಿಂದ ನಡೆಯುತ್ತಿರುವ ಟೆಲಿ ಮಾನಸ್ ಇದೆ. ಸಂಖ್ಯೆ 14416, ಕನ್ನಡದಲ್ಲಿ ಮಾತನಾಡಬಹುದು, ಕರೆ ಉಚಿತ. ಆ ಸಂಖ್ಯೆಗೆ ನಿಮ್ಮ ಅಮ್ಮ ತಾವೇ ನಿದ್ದೆಗೆಟ್ಟ ರಾತ್ರಿಗಳ ಬಗ್ಗೆಯೂ ಕರೆ ಮಾಡಬಹುದು. ಹಾಸಿಗೆ ಹಿಡಿದ ಗಂಡ, ಕಾಯಿಲೆಯ ಮಗ, ಇಬ್ಬರನ್ನೂ ಒಬ್ಬರೇ ನೋಡುತ್ತಿರುವ ಅವರನ್ನು ತಿಂಗಳಿಗೆ ಒಂದು ವಾರವಾದರೂ ಪುತ್ತೂರಿಗೆ ಕರೆಸಿಕೊಳ್ಳಲು, ಆ ವಾರ ಅಲ್ಲಿ ನಿಲ್ಲುವ ಇನ್ನೊಬ್ಬ ಸಂಬಂಧಿಕರನ್ನು ಈಗಲೇ ಹುಡುಕಿ.